ಯಾರ ಕಣ್ಣಿಗೆ ಯಾರ ದುರ್ಬೀನು?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ನಮ್ಮ ಹಿರಿಯರು ಉಡುಗೆ ತೊಡುಗೆಯ ಬಗ್ಗೆ ಹೇಳಿದ್ದು. ದುರ್ಬೀನು ಮಾರುವವರು ಅದನ್ನು ಅಕ್ಷರಶಃ ನಿಜ ಮಾಡಿದ್ದಾರೆ. ಕಣ್ಣು ನಮ್ಮದು, ನೋಡುವವರು ನಾವು. ಯಾವುದರಲ್ಲಿ ನೋಡಬೇಕು ಎಂದು ತೀರ್ಮಾನಿಸುವವರು ಮಾತ್ರ ಬೇರೆ.

ದುರ್ಬೀನು ಎಂದ ಕೂಡಲೇ ಇದು ಗಂಡಸರ ವಿಷಯ ಎಂದು ಪುಟ ಮಗುಚಬೇಡಿ. ಸ್ವರೋವ್ಸ್ಕಿ ಎಂಬ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಓಲೆಯಲ್ಲಿ, ಸೀರೆಯ ಸೆರಗಿನಲ್ಲಿ ಮಿನುಗುವ ಆ ಗಾಜಿನ ಹರಳಿನ ಮನೆತನವೇ ಬೇಟೆಗಾರರ ದುರ್ಬೀನನ್ನೂ ಮಾಡುತ್ತದೆ. ಆಸ್ಟ್ರಿಯಾದ ವಾಟೆನ್ಸ್ ಎಂಬ ಊರಿನಲ್ಲಿ 1895ರಲ್ಲಿ ಡೇನಿಯಲ್ ಸ್ವರೋವ್ಸ್ಕಿ ಹರಳಿನ ಕಾರ್ಖಾನೆ ತೆರೆದ. ಅವನ ಮಗ ವಿಲ್ಹೆಲ್ಮ್ 1949ರಲ್ಲಿ ಹತ್ತಿರದ ಆಬ್ಸಾಮ್‌ನಲ್ಲಿ ದುರ್ಬೀನಿನ ಕಂಪನಿ ಕಟ್ಟಿದ. ತಂದೆಯ ಗಾಜು ಹೆಂಗಸರಿಗೆ, ನೋಡಿಸಿಕೊಳ್ಳಲು. ಮಗನ ಗಾಜು ಗಂಡಸರಿಗೆ, ನೋಡಲು. ಈ ಹಂಚಿಕೆಯನ್ನು ಯಾರೂ ಕಾಗದದ ಮೇಲೆ ಬರೆಯಲಿಲ್ಲ. ಆದರೂ ಎಷ್ಟು ಚೊಕ್ಕವಾಗಿ ನಡೆದುಬಂದಿದೆ ನೋಡಿ.

ನನ್ನ ತಂಗಿ ಇರುವುದು ಜರ್ಮನಿಯ ಮ್ಯೂನಿಕ್ ಹತ್ತಿರದ ಒಂದು ಊರಿನಲ್ಲಿ. ಪಕ್ಕದ ಮನೆಯ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಪಾಸು ಮಾಡಿ ಬೇಟೆಯ ಪರವಾನಗಿ ಪಡೆದವರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿ ಇವುಗಳಿಂದ ಮೋಜಿನ ಬೇಟೆ ಅಪರಾಧ. ಅದು ಹಾಗೆಯೇ ಇರಲಿ ಎಂಬುದೇ ನನ್ನ ಆಸೆ. ಅಲ್ಲಿ ಹಾಗಲ್ಲ. ಹೊಲ ಅಗೆದುಹಾಕುವ ಕಾಡುಹಂದಿಯನ್ನು ರಾತ್ರಿಯೂ ಹೊಡೆಯಬಹುದು. ಆದರೆ ಮರಿಗಳನ್ನು ಸಾಕುತ್ತಿರುವ ತಾಯಿಯನ್ನು ಹೊಡೆದರೆ ಅಲ್ಲಿಯ ಕಾನೂನಿನಲ್ಲಿ ಅಪರಾಧ. ಅಂದರೆ ಮಚಾನಿನ ಮೇಲೆ ಕುಳಿತವರು ಮಬ್ಬುಗತ್ತಲಲ್ಲಿ, ಹುಲ್ಲಿನ ಮರೆಯಲ್ಲಿ, ಈ ಹಂದಿಯ ಹಿಂದೆ ಮರಿಗಳಿವೆಯೋ ಇಲ್ಲವೋ ಎಂದು ಗುರುತಿಸಲೇಬೇಕು. ಗುರುತಿಸಲಾಗದಿದ್ದರೆ ಬಂದೂಕು ಕೆಳಗಿಡಬೇಕು. ದುರ್ಬೀನು ಅಲ್ಲಿ ಶೋಕಿಯಲ್ಲ, ಇದನ್ನು ನಾನು ಒಪ್ಪುತ್ತೇನೆ.

ಒಪ್ಪದಿರುವುದು ಅವರ ಹೋಲಿಕೆಯ ರೀತಿಯನ್ನು. ಸ್ವರೋವ್ಸ್ಕಿ, ಝೈಸ್, ಲೈಕಾ ಈ ಮೂರನ್ನು ಮುಂದಿಟ್ಟುಕೊಂಡು ಬೇಟೆಗಾರರು ಮಾತಿಗೆ ಕುಳಿತರೆ ಬೀಗರ ಮನೆಯ ಬೆಳ್ಳಿ ತೂಗಿದ ಹಾಗೆ. ಒಂದು 91 ಶೇಕಡಾ ಬೆಳಕು ಬಿಡುತ್ತದೆ, ಇನ್ನೊಂದು 92 ಅಂತೆ. ಆ ಒಂದು ಶೇಕಡಾ ಮನುಷ್ಯರ ಕಣ್ಣಿಗೆ ತಿಳಿಯುವುದೇ ಇಲ್ಲ. ನಿಜವಾಗಿ ತಿಳಿಯುವ ವ್ಯತ್ಯಾಸ ನೋಟದ ಅಗಲದ್ದು. ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ ದುರ್ಬೀನುಗಳಲ್ಲಿ ಸಾವಿರ ಮೀಟರ್ ದೂರದಲ್ಲಿ ಸ್ವರೋವ್ಸ್ಕಿಯ ಎನ್‌ಎಲ್ ಪ್ಯೂರ್ 159 ಮೀಟರ್ ಅಗಲ ತೋರಿಸುತ್ತದೆ, ಝೈಸ್ ವಿಕ್ಟರಿ ಎಸ್‌ಎಫ್ 148, ಲೈಕಾ ನಾಕ್ಟಿವಿಡ್ 135. ತಾಯಿಹಂದಿಯ ಹಿಂದೆ ಬರುವ ಮರಿ ಈ ಅಗಲದ ಅಂಚಿನಲ್ಲಿ ಕಾಣಬಹುದು, ಕಾಣದೆಯೂ ಹೋಗಬಹುದು. ಮೂರರ ಬೆಲೆಯೂ ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ದಾಟುತ್ತದೆ. ಎರಡು ಮೂರು ಸಾವಿರದ ದುರ್ಬೀನಿಗೂ ಇಪ್ಪತ್ತೈದು ಮೂವತ್ತು ಸಾವಿರದ್ದಕ್ಕೂ ಅಜಗಜಾಂತರ. ಅಲ್ಲಿಂದ ಎರಡು ಲಕ್ಷಕ್ಕೆ ಏರಿದರೆ ಸಿಗುವುದು ಅಂಚಿನವರೆಗೂ ಹರಿತವಾದ ಚಿತ್ರ, ಬೆಳಗಿನ ಆಕಾಶಕ್ಕೆ ಎದುರಾಗಿ ನಿಂತ ಕೊಂಬಿನ ಸುತ್ತ ನೇರಳೆ ಗೆರೆ ಮೂಡದಿರುವುದು, ಇಂಥವು. ಸುಖ ಇದೆ, ಇಲ್ಲವೆನ್ನುವುದಿಲ್ಲ. ಹಣಕ್ಕೆ ತಕ್ಕಷ್ಟಿಲ್ಲ.

ಇನ್ನು ಮುಸ್ಸಂಜೆಯ ಅಂಕಿ ಎಂದು ಒಂದಿದೆ. ಹಿಗ್ಗಿಸುವ ಪಟ್ಟನ್ನು ಮಸೂರದ ಅಗಲದಿಂದ ಗುಣಿಸಿ ವರ್ಗಮೂಲ ತೆಗೆದರಾಯಿತು. 8×56 ದುರ್ಬೀನಿಗೆ 21 ಬರುತ್ತದೆ. ಜಾತ್ರೆಯಲ್ಲಿ ಮಾರುವ ಆಟಿಕೆಯ ಅಳತೆ 8×56 ಇದ್ದರೂ ಅದೇ 21! ಗಾಜಿನ ಗುಣದ ಮಾತೇ ಈ ಲೆಕ್ಕದಲ್ಲಿಲ್ಲ.

ಅದಕ್ಕಿಂತ ತಮಾಷೆಯ ಸಂಗತಿ ಕಣ್ಣಿನದು. ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ದುರ್ಬೀನಿನಿಂದ ಹೊರಬರುವ ಬೆಳಕಿನ ಕಂತೆಯ ಅಗಲ ಸಿಗುತ್ತದೆ. 8×56ರಲ್ಲಿ ಅದು 7 ಮಿಲಿಮೀಟರ್. ಹರೆಯದವರ ಪಾಪೆ ಕತ್ತಲಲ್ಲಿ ಹೆಚ್ಚುಕಡಿಮೆ 7 ಮಿಲಿಮೀಟರ್ ಅರಳುತ್ತದೆ. ಅರವತ್ತು ದಾಟಿದರೆ ಸಾಮಾನ್ಯವಾಗಿ ಐದರ ಆಸುಪಾಸಿಗೆ ನಿಲ್ಲುತ್ತದೆ. ಐದೆಂದೇ ಇಟ್ಟುಕೊಳ್ಳಿ, ಅರ್ಧದಷ್ಟು ಬೆಳಕು ಪಾಪೆಯ ಹೊರಗೆ ಚೆಲ್ಲಿಹೋಯಿತು. ಅವರ ಕೈಯಲ್ಲಿರುವ 8×56, ಕತ್ತಲಲ್ಲಿ 8×40ಕ್ಕೆ ಸಮ. ಎರಡು ಲಕ್ಷ ಕೊಡುವ ಶಕ್ತಿ ಸಾಮಾನ್ಯವಾಗಿ ಯಾವ ವಯಸ್ಸಿನಲ್ಲಿ ಬರುತ್ತದೆಂದು ನಾನು ಹೇಳಬೇಕಿಲ್ಲ. ಒಂದು ಕಿಲೋ ಮೀರಿದ ಆ ಭಾರವನ್ನು ಕತ್ತಿಗೆ ನೇತುಹಾಕಿಕೊಂಡು ಬೆನ್ನುನೋವಿನ ಎಣ್ಣೆ ಹಚ್ಚಿಸಿಕೊಳ್ಳುವವರೂ ಅವರೇ.

ಪಕ್ಕದ ಮನೆಯಾತನ ಬಳಿ ಇಂಥ ಮೂರು ದುರ್ಬೀನುಗಳಿವೆಯಂತೆ. ಹೆಂಡತಿಗೆ? ಕೈಚೀಲದಲ್ಲಿ ಮಡಚಿಡುವ 8×20. "ಹೆಂಗಸರಿಗೆ ಹಗುರವಾದದ್ದು ಚೆನ್ನ ಅಂತಾನೆ ಅಕ್ಕಾ" ಎಂದು ತಂಗಿ ಫೋನಿನಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ. 8×20ರ ಕಂತೆ ಎರಡೂವರೆ ಮಿಲಿಮೀಟರ್. ಹಗಲಿಗೆ ಸಾಕು, ಮುಸ್ಸಂಜೆಗೆ ಕುರುಡು. ಬಂದೂಕು ಅವಳ ಕೈಯಲ್ಲೂ ಇದೆ. ತಾಯಿಹಂದಿಯನ್ನು ಹೊಡೆದರೆ ಕಾನೂನು ಅವಳನ್ನೂ ಕೇಳುತ್ತದೆ. ಮರಿಗಳಿವೆಯೇ ಎಂದು ನೋಡಲು ಮಾತ್ರ ಅವನು ನೋಡಿ ಮುಗಿಸುವವರೆಗೆ ಅವಳು ಕಾಯಬೇಕು!

ಕಾದು ಪಡೆದರೂ ಫಲವಿಲ್ಲ. ಎರಡು ಪಾಪೆಗಳ ನಡುವಿನ ಅಂತರ ಗಂಡಸರಲ್ಲಿ ಸರಾಸರಿ 64 ಮಿಲಿಮೀಟರ್, ಹೆಂಗಸರಲ್ಲಿ 62. ಇದು ಸರಾಸರಿ, 54, 55 ಇರುವ ಹೆಂಗಸರೂ ಇದ್ದಾರೆ. ದೊಡ್ಡ ದುರ್ಬೀನುಗಳಲ್ಲಿ ಎಷ್ಟೋ ಮಾದರಿಗಳ ನಳಿಕೆಗಳು 56ಕ್ಕಿಂತ ಹತ್ತಿರ ಬರುವುದಿಲ್ಲ. ಅಂಥವರಿಗೆ ಎರಡು ವೃತ್ತಗಳು ಒಂದಾಗುವುದೇ ಇಲ್ಲ, ಅಂಚಿನಲ್ಲಿ ಕಪ್ಪು ನೆರಳು ಆಡುತ್ತದೆ. ಆಗ ಅವಳಿಗೆ ಸಿಗುವ ಉತ್ತರ, "ನಿನಗೆ ನೋಡಲು ಬರುವುದಿಲ್ಲ." ಶೇಕಡಾ ಒಂದರ ಬೆಳಕಿಗಾಗಿ ಪುಟಗಟ್ಟಲೆ ಜಗಳವಾಡುವ ಹೋಲಿಕೆಗಾರರು ಈ ಎರಡು ಮಿಲಿಮೀಟರಿಗೆ ಒಂದು ಸಾಲು ಖರ್ಚು ಮಾಡುವುದು ಅಪರೂಪ. (ಈಗ ಶಾಖವನ್ನೇ ನೋಡುವ ಉಪಕರಣಗಳು ಬಂದಿವೆ. ಅದು ಬೇರೆಯದೇ ಕಥೆ.)

ಜರ್ಮನಿಯವರನ್ನೇಕೆ ಆಡಿಕೊಳ್ಳಲಿ? ಹಕ್ಕಿ ನೋಡುವ ಹುಚ್ಚಿಗೆ ದುರ್ಬೀನು ಕೊಳ್ಳಲು ನಾನು ನಮ್ಮಲ್ಲೇ ಒಂದು ಅಂಗಡಿಗೆ ಹೋಗಿದ್ದೆ. ಕೇಳಿದವಳು ನಾನು, ದುಡ್ಡು ನನ್ನ ಸಂಬಳದ್ದು. ಅಂಗಡಿಯಾತ ಪೆಟ್ಟಿಗೆ ತೆರೆದು ಕೊಟ್ಟದ್ದು ಮಡಿವಾಳಕ್ಕೂ ಪಿಕಳಾರಕ್ಕೂ ವ್ಯತ್ಯಾಸ ತಿಳಿಯದ ನನ್ನ ಯಜಮಾನರ ಕೈಗೆ! ಅವರು ರಸ್ತೆಯಾಚೆಯ ಹೋಟೆಲಿನ ಬೋರ್ಡು ಓದಿ "ಭಾಳ ಚೆನ್ನಾಗಿದೆ" ಎಂದರು. ಆತ ಬಿಲ್ಲು ಬರೆಯಲು ಹೊರಟ. ನಾನು ಬಿಡಲಿಲ್ಲ ಅನ್ನಿ.

ನೀವು ರಂಗನತಿಟ್ಟಿಗಾಗಲಿ, ಮಗಳ ಊರಿನ ಕಾಡಿಗಾಗಲಿ ಒಂದು ಕೊಳ್ಳುವುದಾದರೆ ಬೆಲೆಯ ಚೀಟಿ ಮಗುಚಿಟ್ಟು ಮೊದಲು ಎರಡೂ ನಳಿಕೆಗಳನ್ನು ಮಡಚುವಷ್ಟು ಮಡಚಿ ಕಣ್ಣಿಗಿಡಿ. ಕನ್ನಡಕ ತೆಗೆಯಬೇಡಿ, ಕಣ್ಣಿನ ಮಸೂರದಿಂದ 16, 18 ಮಿಲಿಮೀಟರ್ ದೂರದಲ್ಲೂ ಪೂರ್ತಿ ಚಿತ್ರ ಕಾಣುವಂತೆ ಮಾಡಿದವು ಬೇಕಾದಷ್ಟಿವೆ. ಐದು ನಿಮಿಷ ಕೈ ಇಳಿಸದೆ ಹಿಡಿದುಕೊಳ್ಳಿ. ಸಾಧ್ಯವಾದರೆ ದೀಪ ಹಚ್ಚುವ ಹೊತ್ತಿಗೆ ಹೋಗಿ, ಅಂಗಡಿಯ ಹೊರಗೆ ನಿಂತು ನೋಡಿ. ಎರಡು ವೃತ್ತ ಒಂದಾಗದಿದ್ದರೆ, ಅದು ಎರಡು ಲಕ್ಷದ ಸ್ವರೋವ್ಸ್ಕಿಯೇ ಆಗಿರಲಿ, ಗಾಜಿನ ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಇನ್ನೊಂದು ತೋರಿಸಿ ಎನ್ನಿ.