ಪ್ರವಾಸವೋ, ಹಾಜರಿಯೋ?

ಒಂದೇ ದಿನದಲ್ಲಿ ಹತ್ತು ಗುಡಿಗಳನ್ನು ಸುತ್ತಿ ಬಂದೆವೆಂದು ನಾವು ಹಿಗ್ಗುತ್ತೇವೆ, ನಿಜವಾಗಿ ಕಂಡುದೆಷ್ಟು? ಎಲ್ಲೋರದ ಕೈಲಾಸ ದೇವಾಲಯವನ್ನು ಕ್ರಿ.ಶ. 8ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಕೃಷ್ಣನ ಕಾಲದಲ್ಲಿ, ಶಿಲ್ಪಿಗಳು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡೆದಿಳಿಸಿದರು. ಅದನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಬಸ್ಸು ಏರುವುದು ಪ್ರವಾಸವಲ್ಲ, ಬರಿಯ ಹಾಜರಿ.

ದೂರ ಹೋಗುವ ಮುನ್ನ ನಮ್ಮ ಪುಣೆಯ ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರವನ್ನು ನೋಡೋಣ. ಅದೂ ರಾಷ್ಟ್ರಕೂಟರ ಕಾಲದ ಗುಹಾಲಯವೇ. ದುಂಡನೆಯ ನಂದಿಮಂಟಪದ ಬಳಿ ಒಂದು ಗಳಿಗೆ ಮೌನವಾಗಿ ಕುಳಿತು, ಪೂರ್ತಿಯಾಗದೆ ನಿಂತ ಕೆಲಸವನ್ನು ಗಮನಿಸೋಣ. ಆ ವಂಶದ ನೃಪತುಂಗನ ಆಸ್ಥಾನದಲ್ಲಿಯೇ ಸುಮಾರು 850ರಲ್ಲಿ ಕನ್ನಡದ ‘ಕವಿರಾಜಮಾರ್ಗ’ ಹುಟ್ಟಿತು. ಇದನ್ನರಿತ ವಿದ್ಯಾರ್ಥಿಗಳು ಈ ಊರಿನಲ್ಲಿ ತಾವು ಪರಕೀಯರೆಂದು ಅಳುಕರು. ಆ ಗುಹೆ ಮರಾಠಿ ಗೆಳೆಯರಿಗೂ ನಮಗೂ ಸಮನಾದ ಸೊತ್ತೆಂದು ತಿಳಿವರು.