ಗಾಲ್ಫ್ ಆಡೋ ಅಳಿಯಾಗ ಏನ ಕೊಡೂದು?

ದೀಪಾವಳಿ ಹತ್ರ ಬಂತಂದ್ರ ನಮ್ಮ ಕಡೆ ಹೆಣ್ಮಕ್ಕಳ ತಲಿಯೊಳಗ ಲೆಕ್ಕಾ ಶುರು ಆಗ್ತದ. ಮಗಳಿಗೆ ಸೀರಿ, ಮೊಮ್ಮಕ್ಕಳಿಗೆ ಅರಿವಿ, ಅಳಿಯಾಗ ಏನು? ಮೊದ್ಲ ಇದು ಭಾಳ ಸಸಾರ ಇತ್ತು. ಧೋತರ ಜೋಡಿ, ಇಲ್ಲಾ ಶರ್ಟ್ ಪೀಸು-ಪ್ಯಾಂಟ್ ಪೀಸು, ಅನುಕೂಲ ಇದ್ದವರು ಉಂಗುರ. ಈಗಿನ ಅಳಿಯಂದ್ರು ಅರಿವಿ ತಾವ ತರಿಸ್ಕೋತಾರ, ಉಂಗುರ ಹಾಕೂದಿಲ್ಲ. ಅದರಾಗ ಬೆಂಗಳೂರು, ಪುಣೆ, ಅಮೆರಿಕಾದಾಗ ಇರೋ ಕೆಲವ್ರಿಗೆ ಗಾಲ್ಫ್ ಹುಚ್ಚ ಹತ್ತೇದ. ರವಿವಾರ ನಸಿಕಿನಾಗ ಎದ್ದ, ಉದ್ದಂದೊಂದ ಚೀಲ ಕಾರಿನಾಗ ಹಾಕ್ಕೊಂಡ ಹೋದ್ರಂದ್ರ ಬರೂದ ಮಧ್ಯಾಹ್ನ ಊಟದ ಹೊತ್ತಿಗೆ.

ನಮ್ಮ ಮೈದುನ ಇಪ್ಪತ್ತ ವರ್ಷದಿಂದ ಈ ಆಟ ಆಡ್ತಾರ. ಅವ್ರ ಚೀಲದಾಗ ಏನೇನ ಇರ್ತದ, ಯಾವ್ದು ಲಗೂನ ಖಾಲಿ ಆಗ್ತದ, ಮಂದಿ ಕೊಟ್ಟದ್ದರಾಗ ಯಾವ್ದು ಕಪಾಟಿನಾಗ ಧೂಳ ತಿಂತದ, ಎಲ್ಲಾ ನೋಡೇನಿ. ಹಿಂಗಾಗಿ ನಮ್ಮ ಓಣಿಯವ್ರು ಈ ಪ್ರಶ್ನೆ ನಂಗ ಕೇಳ್ತಾರ. ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೇನಿ. ಆಟ ತುಟ್ಟಿ ಅದ ಅಂತ ಉಡುಗೊರಿ ತುಟ್ಟಿ ಇರಬೇಕಂತ ಏನಿಲ್ಲ. ಗಾಲ್ಫ್ ಆಡೋರಿಗೆ ಸವದು ಹೋಗೂದು, ಕಳದು ಹೋಗೂದು, ತೀರಿ ಹೋಗೂದು ಕೊಡ್ರಿ. ಬಡಿಯೋ ಕೋಲ ಮಾತ್ರ ಕೊಡಬ್ಯಾಡ್ರಿ.

ಇದನ್ನ ಇಷ್ಟ ಗಟ್ಟಿಯಾಗಿ ಹೇಳ್ಲಿಕ್ಕೆ ಕಾರಣ ಅದ. ನಮ್ಮ ಓಣಿಯ ಒಬ್ಬಾಕಿ ಈ ವರ್ಷ ಭಿಶಿ ಎತ್ತಿದ ರೊಕ್ಕ ಪೂರಾ ಹಾಕಿ ಅಳಿಯಾಗ ಗಾಲ್ಫ್ ಸೆಟ್ ಕೊಡಸ್ತೇನಿ ಅಂತ ಹೊಂಟಿದ್ಲು. ಆ ರೊಕ್ಕ ಆಕಿ ತನ್ನ ಕಣ್ಣಿನ ಪೊರೆ ತಗಸಲಿಕ್ಕೆ ಕೂಡಿಸಿದ್ದು. "ಅವ್ರ ಮನ್ಯಾಗ ಎಲ್ಲಾರೂ ದೊಡ್ಡ ಮಂದಿ, ಸಣ್ಣದ ಕೊಟ್ರ ನನ್ನ ಮಗಳ ಮಾರಿ ಸಣ್ಣದಾಗ್ತದ ವೈನಿ" ಅಂದ್ಲು. ಈ ಮಾತಿಗೇ ನಂದು ವಿರೋಧ ಅದ. ಅಳಿಯಾ ಕೇಳಿಲ್ಲ, ಬೀಗರು ಕೇಳಿಲ್ಲ, ಆದ್ರ ಇಕಿ ತಾನ ಒಂದ ತಕ್ಕಡಿ ಹಿಡ್ಕೊಂಡ ನಿಂತಾಳ. ಆ ತಕ್ಕಡಿಯೊಳಗ ಒಂದ ಕಡೆ ಗಾಲ್ಫ್ ಕ್ಲಬ್ಬಿನ ಮೆಂಬರ್‌ಶಿಪ್ಪು, ಇನ್ನೊಂದ ಕಡೆ ತನ್ನ ಭಿಶಿ. ಎಂದರೆ ಸಮ ಆಗ್ತದೇನು?

ರೊಕ್ಕದ ಮಾತ ಬಿಡ್ರಿ, ಆ ಸೆಟ್ಟು ಅಂವಗ ಉಪಯೋಗ ಆಗೂದಿಲ್ಲ. ಗಾಲ್ಫ್ ಕೋಲು ಅಂದ್ರ ಜಂಪರ್ ಇದ್ದಂಗ. ಇನ್ನೊಬ್ಬರ ಅಳತಿಗೆ ಹೊಲದದ್ದ ನಮಗ ಬರ್ತದೇನು? ಆಡೋರ ಎತ್ತರಕ್ಕ ತಕ್ಕ ಕೋಲಿನ ಉದ್ದ, ಕೈ ಹಿಡಿತಕ್ಕ ತಕ್ಕ ಹಿಡಿಕಿ ದಪ್ಪ, ಬೀಸೋ ಜೋರಿಗೆ ತಕ್ಕ ಕೋಲಿನ ಬಳುಕು, ಎಲ್ಲಾ ಬ್ಯಾರೆ ಬ್ಯಾರೆ. ಎಡಗೈಯವ್ರಿಗೆ ಕೋಲಿನ ಮುಖಾನ ಉಲ್ಟಾ. ಚೀಲದಾಗ 14 ಕೋಲಿಗಿಂತ ಜಾಸ್ತಿ ಇಟ್ಕೊಂಡ ಆಡಂಗಿಲ್ಲ ಅಂತ ನಿಯಮಾನ ಅದ. ಹದಿನಾಲ್ಕೂ ಇದ್ದಾಂವಗ ನೀವು ಹದಿನೈದನೇದು ಕೊಟ್ರ ಅಂವ ಎಲ್ಲಿ ಇಡಬೇಕು? ನಿಮ್ಮ ಮನಸ ನೋಯಬಾರದಂತ "ಛಲೋ ಅದ ಅತ್ತಿ" ಅಂತಾನ, ಆಮ್ಯಾಲೆ ಬಾಗಲದ ಹಿಂದ ನಿಲ್ಲಸ್ತಾನ.

ಈಗ ರೊಕ್ಕದ ಪ್ರಕಾರ ಹೇಳ್ತೇನಿ. ಬೆಲಿ ಅಂಗಡಿ ಅಂಗಡಿಗೆ ಫರಕ ಇರ್ತದ, ನಾ ಹೇಳೂದು ಸುಮಾರ ಲೆಕ್ಕ.

ನೂರ ರೂಪಾಯಿ ಒಳಗ. ಒಂದ ಹಳೇ ನಾಣ್ಯ ಕೊಡ್ರಿ. ನಗಬ್ಯಾಡ್ರಿ. ಕುಣಿ ಸುತ್ತ ನುಣ್ಣಗ ಕತ್ತರಿಸಿದ ಹುಲ್ಲ ಇರ್ತದಲ್ಲ, ಅದಕ್ಕ ಗ್ರೀನ್ ಅಂತಾರ. ಅಲ್ಲಿ ಬಾಲ್ ಬಂದ ನಿಂತ ಮ್ಯಾಲೆ ಬ್ಯಾರೇಯವ್ರ ದಾರಿಗೆ ಅಡ್ಡ ಬರಬಾರದಂತ, ಇಲ್ಲಾ ಮಣ್ಣ ಒರಸ್ಲಿಕ್ಕೆ, ಬಾಲ್ ಹಿಂದ ಒಂದ ನಾಣ್ಯ ಇಟ್ಟ ಗುರ್ತ ಮಾಡಿ ಬಾಲ್ ಎತ್ಕೋತಾರ. ಪ್ರತಿ ಆಟದಾಗ ಎಷ್ಟೋ ಸರ್ತೆ ಈ ಕೆಲಸ ಬರ್ತದ. ಅಂಗಡಿಯೊಳಗ ಇದಕ್ಕಂತನ ಬಿಲ್ಲೆ ಮಾರ್ತಾರ, ಆದ್ರ ನಿಯಮದ ಪ್ರಕಾರ ಸಾದಾ ನಾಣ್ಯಾನೂ ನಡೀತದ. ನಮ್ಮ ನಿಮ್ಮ ಟ್ರಂಕಿನಾಗ ನಾಲ್ಕಾಣೆ ಬಿದ್ದಾವಲ್ಲ, 2011ರ ಜೂನ್ 30ಕ್ಕ ಸರ್ಕಾರದವ್ರು ಅವನ್ನ ಚಲಾವಣೆಯಿಂದ ತಗದ್ರು. ಬಜಾರದಾಗ ನಡೀಲಾರದ ನಾಲ್ಕಾಣೆ ಗಾಲ್ಫ್ ಮೈದಾನದಾಗ ನಡೀತದ. ಅಳಿಯಾ ಹುಟ್ಟಿದ ವರ್ಷದ್ದು ಹುಡುಕಿ, ಹುಣಸಿಹಣ್ಣ ಹಚ್ಚಿ ತಿಕ್ಕಿ, ಸಣ್ಣ ಡಬ್ಬ್ಯಾಗ ಹಾಕಿ ಕೊಡ್ರಿ. ಕಿಸೆದಾಗ ಕೈ ಹಾಕಿದಾಗೆಲ್ಲಾ ನಿಮ್ಮ ನೆನಪ ಆಗ್ತದ.

ಐದನೂರ ಒಳಗ. ಆಟ ಶುರು ಮಾಡೋ ಮುಂದ ಬಾಲ್ ಎತ್ತರಕ್ಕ ಇಡ್ಲಿಕ್ಕೆ ಒಂದ ಗೂಟಾ ಇರ್ತದ, ಟೀ ಅಂತಾರ. ಕಟಗಿದು, ಬಿದರಿಂದು ಸಿಗ್ತಾವ. ಮುರೀತಾವ, ಕಳೀತಾವ, ಎಷ್ಟಿದ್ರೂ ಸಾಲೂದಿಲ್ಲ. ಅದರ ಒಂದ ಪಾಕೀಟು. ಇಲ್ಲಾ ಕೋಲ ಒರಸ್ಲಿಕ್ಕೆ ನೀರ ಹೀರೋ ಟವೆಲ್ಲು, ಮೂಲಿಗೆ ಒಂದ ಗುಂಡಿ ಹಾಕಿ ಚೀಲಕ್ಕ ಸಿಗಸೋ ಹಂಗ ನೀವ ಹೊಲೀರಿ. ಮತ್ತ ಎತ್ತರದಿಂದ ಬಾಲ್ ಬಿದ್ದಾಗ ಗ್ರೀನಿನ ಮ್ಯಾಲೆ ತಗ್ಗ ಬೀಳ್ತದ, ಅದನ್ನ ಸರಿ ಮಾಡೋ ಎರಡ ಹಲ್ಲಿನ ಸಣ್ಣ ಚಿಮಟಾ ಸಿಗ್ತದ, ಅದನ್ನೂ ಕೊಡಬಹುದು.

ಕೈಕೆಲಸ ಬರೋರಿಗೆ ಇನ್ನೂ ಎರಡ ಹೇಳ್ತೇನಿ. ಆಟ ಮುಗದ ಮ್ಯಾಲೆ ಬೂಟಿಗೆ ಮಣ್ಣ, ಹುಲ್ಲ ಮೆತ್ತಿರ್ತದ, ಅದನ್ನ ಹಂಗ ಕಾರಿನಾಗ ಒಗೀತಾರ. ಅದಕ್ಕ ಮಾಂಜರಪಾಟದ್ದ ಒಂದ ಬೂಟಿನ ಚೀಲ ಹೊಲದು, ಬಾಯಿಗೆ ಲಾಡಿ ಹಾಕಿ, ಮ್ಯಾಲೆ ಒಂದ ಗೋಪುರ ಇಲ್ಲಾ ನವಿಲು ಕಸೂತಿ ತಗೀರಿ. ಎಳಿ ಎಣಿಸಿ ಗವಂತಿ, ಮುರಗಿ ಹಾಕ್ಲಿಕ್ಕೆ ಮಾಂಜರಪಾಟ ಛಲೋ ಬರ್ತದ. ಇನ್ನೊಂದು, ಡ್ರೈವರ್ ಅನ್ನೋ ದೊಡ್ಡ ತಲಿ ಕೋಲಿಗೆ ಉಣ್ಣಿ ಟೊಪಗಿ. ಉದ್ದ ಕಾಲಚೀಲದಂಗ ಹೆಣದು ತುದಿಗೆ ಒಂದ ಗೊಂಡೆ ಕಟ್ಟೂದು. ನಮ್ಮ ಮೊಮ್ಮಕ್ಕಳ ಕುಂಚಿಗಿ ಹೆಣದವ್ರಿಗೆ ಇದು ಎರಡ ಮಧ್ಯಾಹ್ನದ ಕೆಲಸ. ಇಂಥಾವನ್ನ ಹಳೇ ಕಾಲದಿಂದ ಗಾಲ್ಫ್ ಆಡೋರು ಪ್ರೀತಿಯಿಂದ ಇಟ್ಕೋತಾರ, ನಾ ಹೊಸದೇನ ಹೇಳಾಕತ್ತಿಲ್ಲ.

ಐದನೂರರಿಂದ ಎರಡ ಸಾವಿರ. ಕೈಗವಸು ಕೊಡ್ರಿ. ಇಲ್ಲೆ ಒಂದ ಮಾತ ಲಕ್ಷ್ಯದಾಗ ಇರ್ಲಿ. ಬಲಗೈಲೆ ಆಡೋರು ಕೈಗವಸು ಹಾಕ್ಕೊಳ್ಳೂದು ಎಡಗೈಗೆ, ಅದೂ ಒಂದ ಕೈಗೆ ಅಷ್ಟ. ಅಂಗಡ್ಯಾಂವ "ಯಾವ ಕೈ?" ಅಂದ್ರ ಗಾಬರಿ ಆಗಬ್ಯಾಡ್ರಿ. ತೆಳು ತೊಗಲಿಂದ ಮಾಡಿದ್ದು ಹಿಡಿತಕ್ಕ ಛಲೋ, ಆದ್ರ ಬೆವರಿಗೆ ಬಿರಸಾಗಿ ಲಗೂನ ಹರೀತದ. ಹರೀತದಂತನ ಅದು ಛಲೋ ಉಡುಗೊರಿ, ಮುಂದಿನ ವರ್ಷಕ್ಕೂ ನಡೀತದ. ಡೆಕಾಥ್ಲಾನ್‌ದಾಗ ಇನೆಸಿಸ್ ಅಂತ ಅವರ ಸ್ವಂತ ಹೆಸರಿನ ಮಾಲು ಸಿಗ್ತದ, ಕಡಿಮಿ ರೊಕ್ಕಕ್ಕ ಅದು ಸಾಕು.

ಇದೇ ರೊಕ್ಕದಾಗ ಒಂದ ಡಜನ್ ಸಾದಾ ಬಾಲೂ ಬರ್ತಾವ. ಬಾಲಿನಷ್ಟ ಕಳಿಯೋ ವಸ್ತು ಆ ಆಟದಾಗ ಇನ್ನೊಂದಿಲ್ಲ. ಕೆರಿಗೆ ಬೀಳ್ತದ, ಕಂಟ್ಯಾಗ ಹೋಗ್ತದ. ಕಳದ ಬಾಲ್ ಹುಡುಕ್ಲಿಕ್ಕೆ ಮೊದ್ಲ ಐದ ನಿಮಿಷ ಕೊಡ್ತಿದ್ರಂತ, 2019ರಿಂದ ಮೂರ ನಿಮಿಷ ಮಾಡ್ಯಾರ. ಮೂರ ನಿಮಿಷದಾಗ ನಮಗ ಮನ್ಯಾಗ ಚಾಳೀಸ ಸಿಗೂದಿಲ್ಲ!

ಎರಡರಿಂದ ಆರ ಸಾವಿರ. ದೊಡ್ಡ ಗಾಲ್ಫ್ ಛತ್ರಿ, ಎರಡ ಪದರಿಂದು, ಗಾಳಿಗೆ ಉಲ್ಟಾ ಆಗಲಾರದ್ದು. ಆಟ ಇಲ್ಲದಾಗ ಇಡೀ ಮನಿ ಮಂದಿಗೆ ಉಪಯೋಗ ಆಗ್ತದ. ಟೀ ಶರ್ಟ್ ಕೊಡೋರು ಕಾಲರ್ ಇದ್ದದ್ದ ಕೊಡ್ರಿ, ಭಾಳಷ್ಟ ಕ್ಲಬ್ಬಿನಾಗ ಕಾಲರ್ ಇಲ್ಲದ್ದು, ಜೀನ್ಸು ನಡಿಯೂದಿಲ್ಲ. ತುಟ್ಟಿ ಬಾಲ್ ಕೊಡೋರು, ಟೈಟ್ಲಿಸ್ಟ್ ಪ್ರೊ ವಿ1 ಅಂಥಾವು, ಮೊದಲ ಅಂವ ಯಾವುದ್ರಲೆ ಆಡ್ತಾನ ಅಂತ ತಿಳ್ಕೋರಿ. ಬಾಲ್ ವಿಷಯದಾಗ ಅವರು ನಮ್ಮ ಚಾಪುಡಿ ಇದ್ದಂಗ, ಒಂದ ಹಿಡದ್ರ ಬಿಡೂದಿಲ್ಲ.

ಅದಕ್ಕಿಂತ ಮ್ಯಾಲೆ. ಬೂಟು, ಮತ್ತ ಕುಣಿ ಎಷ್ಟ ದೂರ ಅದ ಅಂತ ತೋರಸೋ ಲೇಸರ್ ದುರ್ಬೀನು. ಈ ದುರ್ಬೀನಿಗೆ ಹತ್ತ ಸಾವಿರದ ಮ್ಯಾಲೇನ ಹೋಗ್ತದ. ಏರ-ಇಳಕಲದ ಲೆಕ್ಕಾ ಹೇಳೂದು ಪಂದ್ಯದಾಗ ನಡೆಯಂಗಿಲ್ಲ, ಅದನ್ನ ಬಂದ್ ಮಾಡ್ಲಿಕ್ಕೆ ಬರೋ ಹಂಗ ಇರಬೇಕು. ಇಂಥಾದ್ದ ಒಬ್ಬರ ಕೊಡಬ್ಯಾಡ್ರಿ. ಮಗ, ಮಗಳು, ಬೀಗರು ಕೂಡಿ ಅಂವನ ಐವತ್ತನೇ ಹುಟ್ಟಿದ ಹಬ್ಬಕ್ಕೋ, ರಿಟೈರ್ಡ್ ಆದಾಗೋ ಕೊಡ್ರಿ.

"ಕೇಳಿ ಕೊಟ್ರ ಸರ್‌ಪ್ರೈಸ್ ಹೋಗ್ತದಲ್ಲ ಮಾವಶಿ" ಅಂತ ನಮ್ಮ ಸಣ್ಣ ಹುಡುಗ್ಯಾರು ಅಂತಾರ. ಹೋಗೂದಿಲ್ಲವಾ. ಮಗಳಿಗೆ ಫೋನ್ ಮಾಡಿ ಮೂರ ಮಾತ ಕೇಳ್ರಿ. ಬಲಗೈಯೋ ಎಡಗೈಯೋ, ಹಳೇ ಕೈಗವಸಿನ ಮ್ಯಾಲೆ ಯಾವ ಸೈಜ್ ಬರದದ, ಬಾಲಿನ ಮ್ಯಾಲೆ ಯಾವ ಹೆಸರ ಅದ. ಆಕಿ ಚೀಲ ತಗದ ಫೋಟೋ ಕಳಸ್ತಾಳ, ಆತು. ಗಾಲ್ಫ್ ಚಿತ್ರದ ಕಪ್ಪು, ಹಿತ್ತಾಳಿ ಗಾಲ್ಫ್ ಗೊಂಬಿ ಇಂಥಾವು ಮಾತ್ರ ಬ್ಯಾಡ. ನಮ್ಮ ಮೈದುನನ ಮನ್ಯಾಗ ಅಂಥಾ ನಾಲ್ಕ ಗೊಂಬಿ ಅವ, ಒರಸೂದು ನಮ್ಮ ನೆಗೆಣ್ಣಿ ಪಾಲಿಗೆ.

ಹದಿನೆಂಟ ಕುಣಿ ಮುಗಿಸ್ಲಿಕ್ಕೆ ನಾಲ್ಕ ತಾಸಿನ ಮ್ಯಾಲೆ ಬೇಕು, ನಡಿಗಿ ಆರೇಳು ಕಿಲೋಮೀಟರ್‌ಗಿಂತ ಕಡಿಮಿ ಇಲ್ಲ. ನಡುವ ಹಸಿವ ಆಗ್ತದ. ಚಾಕ್ಲೇಟ್ ಬಿಸಲಿಗೆ ಕರಗ್ತದ. ನಮ್ಮ ಶೇಂಗಾ ಉಂಡಿ, ಎಳ್ಳ ಚಿಕ್ಕಿ ಕರಗೂದಿಲ್ಲ. ಯಾವ ಬಜೆಟ್ಟಿನ ಉಡುಗೊರಿ ಜೋಡಿನೂ ಇದೊಂದ ಡಬ್ಬಿ ಇರ್ಲಿ. ಎರಡ ಡಬ್ಬಿ ಕಳಸ್ರಿ, ಒಂದ ಕ್ಯಾಡಿಗೆ.

ಹೌದು, ಕ್ಯಾಡಿ. ಉಡುಗೊರಿ ಯಾದಿ ಮಾಡೋ ಮುಂದ ಯಾರಿಗೂ ನೆನಪಾಗಲಾರದ ಮನಷ್ಯಾ ಅಂದ್ರ ಇಂವ. ಚೀಲ ಹೊರೋದು ಇಂವ, ಬಾಲ್ ಎಲ್ಲಿ ಬಿತ್ತಂತ ಕಣ್ಣ ಇಡೋದು ಇಂವ, ಗ್ರೀನಿನ ಇಳಕಲ ಯಾವ ಕಡೆ ಅದ ಅಂತ ಹೇಳೋದೂ ಇಂವ. ಭಾಳಷ್ಟ ಮಂದಿಗೆ ಒಂದ ಆಟಕ್ಕ ಇಷ್ಟ ಅಂತ ರೊಕ್ಕ, ಪಗಾರ ಇಲ್ಲ. ಮಳಿ ಬಂತು, ಆಟ ನಿಂತ್ತು, ಅವತ್ತಿನ ದುಡಿಮಿ ಹೋತು. ಅಳಿಯಾಗ ಆರ ಸಾವಿರದ ಬಾಲ್ ಕೊಡೋರು, ಮೂರ ಸಾವಿರದ ಮಟ್ಟಿಗೆ ಇಳಿಸಿ, ಉಳದದ್ದರಾಗ ಒಂದ ಮಳಿ ಕೋಟು, ಒಂದ ಛಲೋ ಬೂಟು ಇಂವಗ ಕೊಡ್ರಿ. ಅಳಿಯಾನ ಕೈಲೇನ ಕೊಡಸ್ರಿ. ನನ್ನ ಕೇಳಿದ್ರ ಇದ ಆ ಆಟದ ಮನಿಗೆ ಕೊಡೋ ಎಲ್ಲಾಕ್ಕಿಂತ ಛಲೋ ದೀಪಾವಳಿ ಉಡುಗೊರಿ.

ಇನ್ನೊಂದ ಮಾತು. ಕೋಲ ಕೊಡಬ್ಯಾಡ್ರಿ ಅಂದ್ನೆಲ್ಲ, ಅದಕ್ಕ ಒಂದ ಬಿನಾಯಿತಿ ಅದ. ಮನ್ಯಾಗ ಆರೇಳ ವರ್ಷದ ಮೊಮ್ಮಗಳು ಇದ್ರ, ಅಪ್ಪನ ಚೀಲ ನೋಡಿ ನಾನೂ ಆಡ್ತೇನಿ ಅಂದ್ರ, ಆಕಿಗೆ ಆಕಿ ಎತ್ತರದ್ದ ಒಂದ ಸಣ್ಣ ಕೋಲ ಕೊಡಸ್ರಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅಷ್ಟ ಸಣ್ಣಾಕಿ ಇದ್ದಾಗನ ಶುರು ಮಾಡಿದಾಕಿ. ಟೋಕಿಯೋ ಒಲಿಂಪಿಕ್ಸ್, 2021ರಾಗ ನಡೀತಲ್ಲ, ಅದರಾಗ ನಾಲ್ಕನೇ ಸ್ಥಾನಕ್ಕ ಬಂದ್ಲು, ಪದಕ ಕೂದಲೆಳಿಯಷ್ಟರಾಗ ತಪ್ಪಿತು. 2023ರಾಗ ಹಾಂಗ್‌ಝೌದಾಗ ಏಷ್ಯನ್ ಗೇಮ್ಸಿನ ಬೆಳ್ಳಿ ತಂದ್ಲು. ಟೋಕಿಯೋದಾಗ ಆಕಿ ಚೀಲ ಹೊತ್ತಾಕಿ ಯಾರ ಗೊತ್ತೇನು? ಆಕಿ ತಾಯಿ. ಹೆಗಲ ಮ್ಯಾಲೆ ಮಗಳ ಚೀಲ ಹಾಕ್ಕೊಂಡ ನಾಲ್ಕ ದಿನ ಮೈದಾನ ತುಂಬ ನಡದಾಳ.

ಅದಕ್ಕ ನನ್ನ ಮಾತು ಇಷ್ಟ. ಬೆಂಗಳೂರ ಗಾಲ್ಫ್ ಕ್ಲಬ್ 1876ರಾಗ ಶುರು ಆಗೇದ, ಆ ಆಟಾ ನಮ್ಮ ನಾಡಿಗೆ ಹೊಸದಲ್ಲ, ಅದಕ್ಕ ನಾವು ಅಂಜೋ ಕಾರಣಾನೂ ಇಲ್ಲ. ಅಳಿಯಾ ಎಷ್ಟ ತುಟ್ಟಿ ಆಟ ಆಡ್ತಾನ ಅನ್ನೂದು ಅಂವನ ಲೆಕ್ಕ. ನಾವು ಕೊಡೂದು ನಮ್ಮ ಲೆಕ್ಕ. ಕಣ್ಣಿನ ಪೊರೆ ರೊಕ್ಕ ಕಣ್ಣಿಗೆ ಹೋಗ್ಲಿ. ನಮ್ಮ ಓಣಿಯಾಕಿಗೆ ಹಿಂಗ ಬಿಡಿಸಿ ಹೇಳಿದ ಮ್ಯಾಲೆ ಒಂದ ಕೈಗವಸು, ಒಂದ ನಾಲ್ಕಾಣೆ, ಎರಡ ಡಬ್ಬಿ ಶೇಂಗಾ ಉಂಡಿ ಅಂತ ಠರಾಯ್ಸ್ಯಾಳ. ಆಪರೇಷನ್ನಿಗೆ ಕಾರ್ತೀಕ ಮುಗದ ಮ್ಯಾಲೆ ತಾರೀಕ ತಗೊಂಡಾಳ. ನೀವೂ ಏನರೆ ಕೊಟ್ಟಿದ್ರ, ಅದು ಚೀಲದಾಗ ಉಳೀತೋ ಕಪಾಟ ಸೇರಿತೋ, ಅರಿಷಿಣ-ಕುಂಕುಮಕ್ಕ ಬಂದಾಗ ಖರೇ ಖರೇ ಹೇಳ್ರಿ.