ತಿರುಗದ ಮೇಜು

ಗೋಬಿ ಮಂಚೂರಿ ಕಂಡರೆ ‘ಇದು ಚೈನೀಸೇ ಅಲ್ಲ’ ಎಂದು ಮೂಗು ಮುರಿಯುವುದು ಈಗ ಓದಿಕೊಂಡವರ ಲಕ್ಷಣವಾಗಿಬಿಟ್ಟಿದೆ. ಅವರ ಮಾತೇನೂ ಸುಳ್ಳಲ್ಲ. ಕೋಲ್ಕತ್ತದ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಸೋಯಾ ಸಾಸ್ ಸುರಿದು ಮಾಡಿದ ಚಿಕನ್ ಮಂಚೂರಿಯನ್ ಇದರ ಮೂಲ ಎನ್ನುತ್ತಾರೆ. ಆಮೇಲೆ ಕೋಳಿ ಎದ್ದು ಹೋದ ಜಾಗದಲ್ಲಿ ಹೂಕೋಸು ಬಂದು ಕೂತಿತು. ಸರಿ. ಆದರೆ ‘ಅಸಲಿ’ ಚೀನೀ ಊಟ ಹುಡುಕಿಕೊಂಡು ಹೋಗುವ ನಾವು ಅಲ್ಲಿ ಯಾವುದನ್ನು ಅಸಲಿ ಎಂದುಕೊಂಡು ಬರುತ್ತೇವೆ? ನನ್ನ ತಕರಾರಿರುವುದು ಅಲ್ಲಿ.

ಚೀನೀ ಮನೆಯೂಟದಲ್ಲಿ ನನ್ನದು ಅಂತ ಇರುವುದು ಅನ್ನದ ಬಟ್ಟಲೊಂದೇ. ಮಿಕ್ಕಿದ್ದೆಲ್ಲ ನಡುವೆ ಇರುತ್ತದೆ: ಮೀನು, ಸೊಪ್ಪು, ಹಂದಿ, ತೋಫು. ಎಲ್ಲರೂ ಕೈ ಚಾಚಿ ಅದರಿಂದಲೇ ತೆಗೆದುಕೊಳ್ಳಬೇಕು. ಬೌದ್ಧ ಮಠಗಳು ಬೆಳೆಸಿದ ಅಣಬೆ, ತೋಫುಗಳ ಸಸ್ಯಾಹಾರಿ ಅಡುಗೆ ಅಲ್ಲೂ ಇದೆ. ಮನೆಗಳಲ್ಲಿ, ಹೋಟೆಲುಗಳಲ್ಲಿ ತೋಫು ಮೀನಿನ ಪಕ್ಕದಲ್ಲೇ ಕೂರುತ್ತದೆ. ನಾವು ಕೆಂಪು ಲಾಟೀನು ತಂದೆವು, ಕಡ್ಡಿ ಹಿಡಿಯುವುದನ್ನು ಯೂಟ್ಯೂಬ್ ನೋಡಿ ಕಲಿತೆವು, ಆ ‘ನಡುವೆ’ಯನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು.

ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ದೇವನಹಳ್ಳಿಯ ದ್ರಾಕ್ಷಿ, ಚಕ್ಕೋತದ ತೋಟಗಳು ಏನಾದವು ಎಂಬುದು ಬೇರೆಯದೇ ಕತೆ. ಈಗ ಅಲ್ಲಿ ತೈವಾನಿನ ಫಾಕ್ಸ್‌ಕಾನ್ ಕಾರ್ಖಾನೆ ಇದೆ, ಆ ರಸ್ತೆಯಲ್ಲಿ ದುಬಾರಿ ಚೀನೀ ಊಟವೂ ಸಿಗುತ್ತದೆ. ಗೆಳತಿಯ ವೈವಾ ಮುಗಿದ ಖುಷಿಗೆ ನಾವು ಹನ್ನೊಂದು ಜನ ಅಂಥದ್ದೊಂದು ಕಡೆ ಹೋಗಿದ್ದೆವು. ದುಂಡು ಮೇಜು, ಅದರ ನಡುವೆ ತಿರುಗುವ ಗಾಜಿನ ತಟ್ಟೆ. ಕೂರುವ ಮೊದಲೇ ‘ವೆಜ್‌ನವರು ಈ ಕಡೆ ಬನ್ನಿ’ ಎಂಬ ವಿಂಗಡಣೆ ನಡೆಯಿತು. ಮೀನು ಬಂದಾಗ ಯಾರೋ ಅಭ್ಯಾಸಬಲದಿಂದ ಗಾಜನ್ನು ತಿರುಗಿಸಹೋದರು. ‘ಪ್ಲೀಸ್, ತಿರುಗಿಸಬೇಡಿ’ ಎಂಬ ಮಾತು ಬಂತು. ಹಾಗೆಂದವರು ದಲಿತ ಕಥನಗಳಲ್ಲಿ ಹಸಿವಿನ ಕುರಿತು ಪ್ರಬಂಧ ಮಂಡಿಸಿದವರು. ಊಟ ಮುಗಿಯುವವರೆಗೂ ಗಾಜು ಅಲುಗಲಿಲ್ಲ. ಬಿಲ್ಲು ಮಾತ್ರ ಹನ್ನೊಂದು ಸಮಪಾಲಾಯಿತು. (ತೋಫು ತಿಂದವರಿಗೆ ಅದು ಅನ್ಯಾಯವೇ, ಒಪ್ಪುತ್ತೇನೆ.)

ನನಗೆ ಮರೆಯಲಾಗದ್ದು ಆ ಮಾತಲ್ಲ, ಅದರ ನಂತರದ್ದು. ಭಾನುವಾರ ನಸುಕಿನಲ್ಲೇ ಬಿರಿಯಾನಿಗೆಂದು ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವಲ್ಲ, ಆ ಹೊಸಕೋಟೆ ಕಡೆಯ ಗೆಳೆಯನೊಬ್ಬ ತಾನು ತಿಂದ ಮೀನಿನ ಮುಳ್ಳುಗಳನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ತಟ್ಟೆಯ ಅಂಚಿಗೆ ಅಡಗಿಸಿಟ್ಟ. ಬೀಗರೂಟದಲ್ಲಿ ನಲ್ಲಿಮೂಳೆ ಕುಟ್ಟಿಕೊಂಡು ತಿನ್ನುವ ಹುಡುಗ ಅವನು. ಯಾರೂ ಅವನಿಗೆ ಅಡಗಿಸು ಎಂದಿರಲಿಲ್ಲ.

‘ನಾನು ಮಾಂಸ ತಿನ್ನುವುದಿಲ್ಲ, ಅದು ನನ್ನ ಆಯ್ಕೆ’ ಎನ್ನುತ್ತಾರೆ. ಖಂಡಿತ. ಯಾರ ಬಾಯಿಗೂ ಯಾರೂ ತುರುಕಬೇಕಿಲ್ಲ. ತಿನ್ನದಿರುವುದು ಆಯ್ಕೆ, ತಿನ್ನುವವನ ಬಟ್ಟಲು ತನ್ನ ಮುಂದೆ ಹಾದುಹೋಗಲೂ ಬಾರದು ಎಂಬುದು ಪಂಕ್ತಿ. ನಮ್ಮ ಎಲೆಯೂಟದ ಸಾಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಎಲೆ, ಬಡಿಸುವ ಕೈ ಮೇಲಿನಿಂದ. ಸಾಲಿನಲ್ಲಿ ಕೂತವನು ಪಕ್ಕದವನ ಮುಖ ನೋಡಬೇಕಾಗಿಲ್ಲ. ಸಾಲಿನಲ್ಲಿ ಯಾರು ಕೂರಬಹುದು ಎಂಬುದು ಎಲೆ ಹಾಕುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಕೇರಳದ ಚೆರಾಯಿಯಲ್ಲಿ 1917ರಲ್ಲಿ ಮಿಶ್ರಭೋಜನ ನಡೆಸಿದ ಸಹೋದರನ್ ಅಯ್ಯಪ್ಪನ್ ಅವರಿಗೆ ಅವರ ಸಮುದಾಯದವರೇ ಬಹಿಷ್ಕಾರ ಹಾಕಿದರು. ಅದು ಹಳೆಯದು ಎನ್ನಬೇಡಿ. ಐಐಟಿ ಬಾಂಬೆಯ ಹಾಸ್ಟೆಲಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಮೇಜುಗಳನ್ನು ವಿರೋಧಿಸಿದ ವಿದ್ಯಾರ್ಥಿಗೆ 2023ರಲ್ಲಿ 10,000 ರೂಪಾಯಿ ದಂಡ ಬಿತ್ತು. 2024ರ ಮಂಡ್ಯ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದ್ದರು. ಮಂಡ್ಯದಲ್ಲಿ! ಬಾಡೂಟದ ಪರ ದನಿ ಎದ್ದಿದ್ದು ಅದಕ್ಕೇ.

ಎಂಜಲಿನ ಭಯ, ಸ್ವಚ್ಛತೆಯ ಪ್ರಶ್ನೆ ಎನ್ನುವವರಿಗೆ ಒಬ್ಬ ವೈದ್ಯರ ಕತೆ ಹೇಳಬೇಕು. ಪೆನಾಂಗ್‌ನಲ್ಲಿ ಹುಟ್ಟಿದ ವೂ ಲಿಯೆನ್-ತೆ 1910-11ರಲ್ಲಿ ಮಂಚೂರಿಯಾದಲ್ಲಿ ಸುಮಾರು 60,000 ಜನರನ್ನು ಕೊಂದ ಪ್ಲೇಗಿನ ವಿರುದ್ಧ ನಿಂತವರು. ಒಂದೇ ಬಟ್ಟಲಿಗೆ ಎಲ್ಲರೂ ತಮ್ಮ ತಮ್ಮ ಕಡ್ಡಿ ಅದ್ದುವುದರಿಂದ ರೋಗ ಹರಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಅವರ ಬಳಿ ನಿಜವಾದ ಕಾರಣವೇ ಇತ್ತು. ಆದರೂ ಅವರು ಜನರನ್ನು ಬೇರೆ ಬೇರೆ ಕೂರಿಸಿ ಎನ್ನಲಿಲ್ಲ. ತಿರುಗುವ ತಟ್ಟೆ ಇಡಿ, ಪ್ರತಿ ಬಟ್ಟಲಿಗೂ ಬಡಿಸಿಕೊಳ್ಳುವ ಚಮಚವನ್ನು ಬೇರೆಯಾಗಿ ಇಡಿ ಎಂದರು. ನಾವು ಅಲುಗಿಸದೆ ಬಿಟ್ಟದ್ದು ಅಂಥದ್ದೇ ತಟ್ಟೆಯನ್ನು. ಮಂಚೂರಿಗೂ ಮಂಚೂರಿಯಾಕ್ಕೂ ಸಂಬಂಧವೇನು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಈಗ ಇದೊಂದೇ.

ಇನ್ನು ಆ ‘ನಕಲಿ’ ಚೈನೀಸ್. ಸಂಜೆ ದೊಡ್ಡಬಳ್ಳಾಪುರದ ಗೋಬಿ ಗಾಡಿಯ ಮುಂದೆ ನಿಂತು ನೋಡಿ. ಪವರ್‌ಲೂಮ್ ಪಾಳಿ ಮುಗಿಸಿ ಬಂದ ನಾಲ್ವರು ಒಂದೇ ಪ್ಲೇಟ್ ಹೇಳುತ್ತಾರೆ. ನಾಲ್ಕು ಹಲ್ಲುಕಡ್ಡಿ, ನಡುವೆ ಒಂದು ತಟ್ಟೆ, ಎಲ್ಲರೂ ಅದಕ್ಕೇ ಚುಚ್ಚುತ್ತಾರೆ, ಕೊನೆಯ ತುಂಡಿಗೆ ಜಗಳ. ಅಲ್ಲಿ ಮಾಂಸವೇ ಇಲ್ಲವಲ್ಲ ಎನ್ನಬೇಡಿ. ಅದೇ ಬಾಣಲೆಯಲ್ಲಿ, ಅದೇ ಸಟ್ಟುಗದಲ್ಲಿ ಎಗ್ ರೈಸೂ ಏಳುತ್ತದೆ. 2024ರ ಮಾರ್ಚಿನಲ್ಲಿ ಸರ್ಕಾರ ಪರೀಕ್ಷಿಸಿದ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ತಿಳಿದು ಕೃತಕ ಬಣ್ಣಕ್ಕೆ ನಿಷೇಧ ಬಿದ್ದದ್ದು ಸರಿಯೇ. ಆಗ ನಮ್ಮ ಕ್ಯಾಂಪಸ್ಸಿನಲ್ಲಿ ‘ಕೊಳಕು ತಿಂಡಿ, ಕೊಳಕು ಜನ’ ಎಂಬ ಧಾಟಿಯ ನಗು ಕೇಳಿಬಂತಲ್ಲ, ಅದು ಬಣ್ಣದ ವಿಚಾರವಾಗಿರಲಿಲ್ಲ. ಚೀನೀ ಊಟದಿಂದ ಕಲಿಯಬೇಕಾದ ಒಂದೇ ಸಂಗತಿಯನ್ನು ಈ ಗಾಡಿಯವರು ಯಾವ ಪ್ರಬಂಧವನ್ನೂ ಓದದೆ ಕಲಿತಿದ್ದಾರೆ.

ಮುಂದಿನ ತಿಂಗಳು ನಮ್ಮ ವಿಭಾಗದಲ್ಲಿ ಮತ್ತೊಂದು ವೈವಾ ಇದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಲೇ ‘ವೆಜ್ ಎಷ್ಟು, ನಾನ್‌ವೆಜ್ ಎಷ್ಟು?’ ಎಂಬ ಪ್ರಶ್ನೆ ಬಂದಿದೆ. ‘ಒಟ್ಟು ಹದಿಮೂರು ಜನ, ಒಂದೇ ಮೇಜು, ಪ್ರತಿ ಬಟ್ಟಲಿಗೂ ಒಂದು ಚಮಚ’ ಎಂದು ಬರೆದಿದ್ದೇನೆ. ಮೂರು ದಿನವಾಯಿತು, ಯಾರೂ ಏನೂ ಹೇಳಿಲ್ಲ.